ಥೇಮ್ಸ್ ದಂಡೆಯ ಹಾದಿ

(ಬಾನುಲಿ ಭಾಷಣ)

ಲಂಡನ್ ನಗರದ ಹೆಸರಾಂತ ಬೀದಿಗಳಲ್ಲಿ ‘ಸ್ಟ್ರ್ಯಾಂಡ್’ ಎಂಬುದೂ ಒಂದು. ಅಂಗಡಿಗಳು, ನಾಟಕಶಾಲೆಗಳು, ಹೋಟೆಲುಗಳಿಂದ ಕಿಕ್ಕಿರಿದ ಬೀದಿ ಅದು. ಹಳೆಯ ಇಂಗ್ಲಿಷಿನಲ್ಲಿ ಆ ಮಾತಿಗೆ ದಡ, ತೀರ ಎಂದು ಅರ್ಥ. ಆದರೆ ಇಂದು ಆ ಬೀದಿಯಲ್ಲಿ ನಿಂತವನಿಗೆ ನೀರಿನ ಸುಳಿವೇ ಸಿಕ್ಕುವುದಿಲ್ಲ. ನದಿಯನ್ನು ನೋಡಬೇಕೆಂದರೆ ಅವನು ಇಳಿಜಾರಾದ ಓಣಿಗಳಲ್ಲಿ ಇಳಿಯಬೇಕು, ಒಂದು ಉದ್ಯಾನವನ್ನು ಹಾಯಬೇಕು, ವಾಹನಗಳು ಎಡೆಬಿಡದೆ ಓಡುವ ರಸ್ತೆಯೊಂದನ್ನು ದಾಟಬೇಕು. ಆ ಬಳಿಕ ಎದೆಮಟ್ಟದ ಗ್ರಾನೈಟ್ ಕಲ್ಲಿನ ಗೋಡೆಯ ಆಚೆಗೆ ಥೇಮ್ಸ್ ನದಿ ಹರಿಯುವುದು ಕಾಣುತ್ತದೆ. ದಡವೆಂದು ಹೆಸರು ಹೊತ್ತ ಬೀದಿ ಇಷ್ಟು ದೂರ ಉಳಿದುಬಿಟ್ಟದ್ದು ಹೇಗೆ? ನದಿ ತಾನಾಗಿ ಸರಿಯಿತೆ, ಮನುಷ್ಯನೇ ಸರಿಸಿದನೆ?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಥೇಮ್ಸ್ ದಂಡೆಯ ಮೇಲೆ ಸುಮಾರು ಎರಡು ಮೈಲಿ ನಡೆದು ಬರೋಣ. ಕೇಳುಗರು ಮನಸ್ಸಿನಲ್ಲಿಯೇ ನನ್ನೊಡನೆ ಹೆಜ್ಜೆ ಹಾಕಬೇಕೆಂದು ಕೋರುತ್ತೇನೆ. ಬ್ಲ್ಯಾಕ್‌ಫ್ರಯರ್ಸ್ ಸೇತುವೆಯಿಂದ ಹೊರಟು, ಉತ್ತರದ ದಂಡೆಯಲ್ಲಿ ವೆಸ್ಟ್‌ಮಿನ್‌ಸ್ಟರ್‌ವರೆಗೆ ಹೋಗಿ, ಅಲ್ಲಿ ಹೊಳೆ ದಾಟಿ, ಎದುರು ದಂಡೆಯ ಲ್ಯಾಂಬೆತ್ ಮುಟ್ಟುವುದು ನಮ್ಮ ದಾರಿ. ದಾರಿಯುದ್ದಕ್ಕೂ ಪ್ಲೇನ್ ಮರಗಳ ಸಾಲು, ಹೂದೋಟಗಳು, ಕಂಚಿನ ಪ್ರತಿಮೆಗಳು, ಮೀನುಗಳು ಸುತ್ತಿಕೊಂಡಂತೆ ಎರಕ ಹೊಯ್ದ ದೀಪದ ಕಂಬಗಳು. ಜಗತ್ತಿನ ಸುಂದರವಾದ ನಗರವಿಹಾರಗಳಲ್ಲಿ ಇದೂ ಒಂದೆಂದು ಹೇಳಲು ಅಡ್ಡಿಯಿಲ್ಲ. ಆದರೆ ಈ ಸೊಬಗು ಹುಟ್ಟಿದ ಬಗೆ ಸೊಬಗಿನದಲ್ಲ.

ಹೊರಡುವ ಸ್ಥಳದಲ್ಲಿಯೇ ನಮ್ಮ ಕಾಲಡಿಯಲ್ಲಿ ಒಂದು ನದಿ ಹೂತುಹೋಗಿದೆ. ಬ್ಲ್ಯಾಕ್‌ಫ್ರಯರ್ಸ್ ಎಂದರೆ ಕರಿಯ ನಿಲುವಂಗಿಯ ಡೊಮಿನಿಕನ್ ಸಂನ್ಯಾಸಿಗಳು. ಅವರ ಮಠ ಇದ್ದ ಕೇರಿಯಿದು. ಅದರ ಮಗ್ಗುಲಲ್ಲಿ ಫ್ಲೀಟ್ ಎಂಬ ಹೊಳೆ ಥೇಮ್ಸನ್ನು ಸೇರುತ್ತಿತ್ತು. ಕಸಾಯಿಗಳು, ಚರ್ಮ ಹದಮಾಡುವವರು, ಊರಿನ ಎಲ್ಲರೂ ತಮ್ಮ ಕೊಳೆಯನ್ನು ಅದರೊಳಕ್ಕೆ ನೂಕಿದರು. ಹದಿನೆಂಟನೆಯ ಶತಮಾನದಲ್ಲಿ ಹಂತಹಂತವಾಗಿ ಅದರ ಮೇಲೆ ಕಮಾನು ಕಟ್ಟಿ ಮುಚ್ಚಲಾಯಿತು. ಹೊಳೆ ಮೊದಲು ಚರಂಡಿಯಾಯಿತು, ಆಮೇಲೆ ಕಣ್ಣಿಗೆ ಕಾಣದ ಚರಂಡಿಯಾಯಿತು. ಮುಂದೆ ಥೇಮ್ಸಿಗೇ ಒದಗಲಿದ್ದ ಗತಿಯ ಮುನ್ಸೂಚನೆ ಅದು.

ಪಶ್ಚಿಮಕ್ಕೆ ತಿರುಗಿ ನಡೆದರೆ ಬಲಗಡೆಗೆ ಹಸುರು ಹಾಸಿದ ಟೆಂಪಲ್ ತೋಟಗಳು ಕಾಣುತ್ತವೆ. ಇಲ್ಲಿ ನ್ಯಾಯವಾದಿಗಳ ಪುರಾತನ ಸಂಸ್ಥೆಗಳಿವೆ. ಅವುಗಳಲ್ಲಿ ಒಂದಾದ ಇನ್ನರ್ ಟೆಂಪಲ್‌ಗೆ ೧೮೮೮ರಲ್ಲಿ ಭಾರತದಿಂದ ಒಬ್ಬ ಸಂಕೋಚದ ತರುಣ ಬಂದು ಸೇರಿದ. ೧೮೯೧ರಲ್ಲಿ ಬ್ಯಾರಿಸ್ಟರ್ ಪದವಿ ಪಡೆದು ಊರಿಗೆ ಮರಳಿದ. ೧೯೨೨ರಲ್ಲಿ ಅವನು ಸೆರೆಮನೆಗೆ ಹೋದಾಗ ಅದೇ ಸಂಸ್ಥೆ ಅವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿತು. ೧೯೮೮ರಲ್ಲಿ, ಅವನು ತೀರಿಕೊಂಡು ನಲವತ್ತು ವರ್ಷಗಳಾದ ಮೇಲೆ, ಮತ್ತೆ ಸೇರಿಸಿಕೊಂಡಿತು. ಮೋಹನದಾಸ ಗಾಂಧಿ ಲಂಡನ್ನಿನಲ್ಲಿ ದಿನಕ್ಕೆ ಎಂಟು ಹತ್ತು ಮೈಲಿ ನಡೆಯುತ್ತಿದ್ದರೆಂದು ಅವರ ಆತ್ಮಕಥೆ ತಿಳಿಸುತ್ತದೆ. ಅವರು ಬಂದ ಕಾಲಕ್ಕೆ ಈ ದಂಡೆಗೆ ಇನ್ನೂ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಟೆಂಪಲ್ ತೋಟದ ಅಂಚನ್ನು ಹಿಂದೆ ನದಿಯ ನೀರೇ ತೊಳೆಯುತ್ತಿತ್ತು.

ಇನ್ನೂ ಮುಂದೆ ಸಾಗಿದರೆ ಸಾಮರ್‌ಸೆಟ್ ಹೌಸ್ ಎಂಬ ಭವ್ಯ ಸೌಧ. ೧೭೭೬ರಿಂದ ವಿಲಿಯಂ ಚೇಂಬರ್ಸ್ ಎಂಬ ಶಿಲ್ಪಿ ಇದನ್ನು ಕಟ್ಟಿಸಿದಾಗ ಅದರ ತಳಪಾದ ನೀರಿನಲ್ಲಿಯೇ ನಿಂತಿತ್ತು. ನಡುವಣ ದೊಡ್ಡ ಕಮಾನಿನೊಳಗೆ ದೋಣಿಗಳು ನೇರವಾಗಿ ತೇಲಿ ಹೋಗುತ್ತಿದ್ದವು. ಇಂದು ಆ ಕಮಾನು ರಸ್ತೆಯ ಪಕ್ಕದಲ್ಲಿ ಒಣನೆಲದ ಮೇಲೆ ನಿಂತಿದೆ. ದೋಣಿಯ ಬದಲು ಕಾರುಗಳು ಅದರ ಮುಂದೆ ಸಾಗುತ್ತವೆ.

ಇಲ್ಲಿಂದ ವೆಸ್ಟ್‌ಮಿನ್‌ಸ್ಟರ್ ಕಡೆಗೆ ಹೋಗುವ ದಾರಿಯಲ್ಲಿ ಒಂದಾನೊಂದು ಕಾಲಕ್ಕೆ ಬಿಷಪ್ಪರ, ಡ್ಯೂಕರ ಅರಮನೆಗಳು ಸಾಲಾಗಿದ್ದವು. ಅವುಗಳ ಮುಂಬಾಗಿಲು ಸ್ಟ್ರ್ಯಾಂಡಿಗೆ, ಹಿಂದಣ ತೋಟ ನದಿಗೆ. ನದಿಯೇ ಆಗ ಲಂಡನ್ನಿನ ರಾಜಬೀದಿ. ೧೭೫೦ರಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆ ಆಗುವವರೆಗೆ ಊರಿನ ನಡುಭಾಗದಲ್ಲಿ ಲಂಡನ್ ಬ್ರಿಜ್ ಬಿಟ್ಟರೆ ಬೇರೆ ಸೇತುವೆಯಿರಲಿಲ್ಲ. ಆದುದರಿಂದ ದೊಡ್ಡವರು ತಮ್ಮ ತೋಟದ ಮೆಟ್ಟಿಲಿಳಿದು ದೋಣಿಯೇರುತ್ತಿದ್ದರು. ಅರಸನ ಚಿಕ್ಕಪ್ಪನಾದ ಜಾನ್ ಆಫ್ ಗಾಂಟ್‌ನ ಸವಾಯ್ ಅರಮನೆ ಇಲ್ಲೇ ಇತ್ತು. ೧೩೮೧ರ ರೈತರ ದಂಗೆಯಲ್ಲಿ ಜನ ಅದನ್ನು ಸುಟ್ಟು ಬೂದಿ ಮಾಡಿದರು. ಈ ದಂಡೆ ಯಾರದು ಎಂಬ ಪ್ರಶ್ನೆ ಅಂದೇ ಬೆಂಕಿಯ ಭಾಷೆಯಲ್ಲಿ ಕೇಳಿಬಂದಿತ್ತೆಂದು ಹೇಳಬಹುದು.

ಆ ಅರಮನೆಗಳಲ್ಲಿ ಉಳಿದಿರುವುದು ಅಲ್ಪ. ಆದರೆ ಉದ್ಯಾನದೊಳಗೆ ಒಂದು ವಿಚಿತ್ರವಾದ ಕಟ್ಟಡವಿದೆ. ಕಮಾನುಗಳು, ಕಂಬಗಳು, ಮೇಲೆ ಸಿಂಹಗಳು. ನೀರಿಗಿಳಿಯುವ ದ್ವಾರದ ಗತ್ತೆಲ್ಲವೂ ಅದರಲ್ಲಿದೆ, ನೀರು ಮಾತ್ರ ಇಲ್ಲ. ಇದು ಯಾರ್ಕ್ ಹೌಸ್ ಎಂಬ ಅರಮನೆಯ ನೀರ್ಬಾಗಿಲು. ಪ್ರಬಂಧಕಾರ ಫ್ರಾನ್ಸಿಸ್ ಬೇಕನ್ ೧೫೬೧ರಲ್ಲಿ ಹುಟ್ಟಿದ್ದು ಆ ಮನೆಯಲ್ಲಿ. ಮುಂದೆ ಅದು ಬಕಿಂಗ್‌ಹ್ಯಾಮಿನ ಡ್ಯೂಕ್ ಜಾರ್ಜ್ ವಿಲಿಯರ್ಸ್‌ನ ವಶವಾಯಿತು. ಅವನು ಸುಮಾರು ೧೬೨೬ರಲ್ಲಿ ಈ ಬಾಗಿಲನ್ನು ಕಟ್ಟಿಸಿದ. ಅವನ ಮಗ ೧೬೭೨ರಲ್ಲಿ ಮನೆಯನ್ನು ಮಾರುವಾಗ ಒಂದು ಷರತ್ತು ಹಾಕಿದನಂತೆ: ತನ್ನ ಹೆಸರಿನ ಒಂದೊಂದು ಪದವೂ ಅಲ್ಲಿನ ಒಂದೊಂದು ಬೀದಿಗೆ ಸಲ್ಲಬೇಕು. ಹಾಗೆಯೇ ಜಾರ್ಜ್, ವಿಲಿಯರ್ಸ್, ಡ್ಯೂಕ್, ಬಕಿಂಗ್‌ಹ್ಯಾಮ್ ಬೀದಿಗಳಾದವು. ‘ಆಫ್’ ಎಂಬ ವಿಭಕ್ತಿಪ್ರತ್ಯಯಕ್ಕೂ ಒಂದು ಓಣಿ ದಕ್ಕಿತು! ವ್ಯಾಕರಣಕ್ಕೆ ಇಷ್ಟು ಮರ್ಯಾದೆ ಸಂದದ್ದನ್ನು ನಮ್ಮ ಕೇಶಿರಾಜ ಕಂಡಿದ್ದರೆ ಸಂತೋಷಪಡುತ್ತಿದ್ದನೇನೋ. ಆ ನೀರ್ಬಾಗಿಲಿನಿಂದ ಇಂದಿನ ನದಿಗೆ ಸುಮಾರು ೧೫೦ ಗಜ ದೂರ. ನದಿಯನ್ನು ಎಷ್ಟು ಹಿಂದಕ್ಕೆ ತಳ್ಳಲಾಯಿತೆಂಬುದನ್ನು ಅಳೆಯಲು ಬೇರೆ ನಕ್ಷೆ ಬೇಡ. ಈ ಬಾಗಿಲಿನ ಮುಂದೆ ನಿಂತು ನೋಡಿದರೆ ಸಾಕು.

ಹೀಗೆ ತಳ್ಳಿದವರು ಯಾರು, ಏಕೆ? ಅದಕ್ಕೆ ಉತ್ತರ ಹೇಳಲು ಸ್ವಲ್ಪ ಹೊತ್ತು ನಡಿಗೆಯನ್ನು ನಿಲ್ಲಿಸಬೇಕಾಗುತ್ತದೆ.

೧೮೦೧ರಲ್ಲಿ ಸುಮಾರು ೧೦ ಲಕ್ಷವಿದ್ದ ಲಂಡನ್ನಿನ ಜನಸಂಖ್ಯೆ ೧೮೫೧ರ ಹೊತ್ತಿಗೆ ೨೩ ಲಕ್ಷವನ್ನು ಮೀರಿತ್ತು. ಮೊದಲು ಮನೆಮನೆಯ ಕೆಳಗೆ ಮಲಗುಂಡಿಗಳಿದ್ದವು; ರಾತ್ರಿಯ ವೇಳೆ ಕೂಲಿಯವರು ಅದನ್ನು ತೋಡಿ ಗಾಡಿಯಲ್ಲಿ ಸಾಗಿಸಿ ಹೊಲಗಳಿಗೆ ಮಾರುತ್ತಿದ್ದರು. ಮಳೆನೀರಿಗಾಗಿ ಇದ್ದ ಚರಂಡಿಗಳಿಗೆ ಮಲವನ್ನು ಬಿಡುವುದು ಅಪರಾಧವಾಗಿತ್ತು. ೧೮೧೫ರಿಂದ ಅದಕ್ಕೆ ಅನುಮತಿ ದೊರೆಯಿತು. ನೀರು ಸುರಿದು ತೊಳೆಯುವ ಶೌಚಗಳು ಮನೆಗಳಿಗೆ ಬಂದವು. ೧೮೪೮ರ ನಂತರ ಅಧಿಕಾರಿಗಳು ಮಲಗುಂಡಿಗಳನ್ನು ಮುಚ್ಚಿಸಿ ಎಲ್ಲವನ್ನೂ ಚರಂಡಿಗೆ ಸೇರಿಸತೊಡಗಿದರು. ಮನೆಗಳು ಶುಚಿಯಾದವು. ಚರಂಡಿಗಳೆಲ್ಲ ಥೇಮ್ಸಿಗೆ ಬಂದು ಬಿದ್ದವು. ಇಲ್ಲಿ ಒಂದು ಸಂಗತಿಯನ್ನು ನೆನಪಿಡಬೇಕು. ಲಂಡನ್ನಿನ ಬಳಿ ಥೇಮ್ಸ್ ಸಮುದ್ರದ ಉಬ್ಬರವಿಳಿತಕ್ಕೆ ಒಳಗಾದ ನದಿ. ದೊಡ್ಡ ಉಬ್ಬರದಲ್ಲಿ ನೀರು ಸುಮಾರು ೭ ಮೀಟರ್ ಏರಿಳಿಯುತ್ತದೆ. ಇಳಿತದಲ್ಲಿ ಕೆಳಕ್ಕೆ ಹೋದದ್ದು ಉಬ್ಬರದಲ್ಲಿ ಹಿಂದಿರುಗಿ ಬರುತ್ತದೆ. ಊರು ಹೊರಗೆ ಹಾಕಿದ್ದನ್ನು ನದಿ ದಿನಕ್ಕೆರಡು ಬಾರಿ ಊರಿಗೇ ತಂದೊಪ್ಪಿಸುತ್ತಿತ್ತು.

ಅದೇ ನೀರನ್ನು ಜನ ಕುಡಿಯುತ್ತಲೂ ಇದ್ದರು. ೧೮೪೮–೪೯ರ ಕಾಲರಾ ಲಂಡನ್ನಿನಲ್ಲಿ ೧೪,೦೦೦ಕ್ಕೂ ಹೆಚ್ಚು ಜನರನ್ನು ಕೊಂದಿತು. ೧೮೫೩–೫೪ರಲ್ಲಿ ೧೦,೦೦೦ಕ್ಕೂ ಹೆಚ್ಚು. ದುರ್ಗಂಧವೇ ರೋಗವೆಂದು ಅಂದಿನ ಪಂಡಿತರ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯನೊಬ್ಬ, ರೋಗ ಇರುವುದು ಗಾಳಿಯಲ್ಲಲ್ಲ, ನೀರಿನಲ್ಲಿ ಎಂದ. ಅವನ ಸಾಕ್ಷ್ಯ ಈ ನಡಿಗೆಗೆ ಹತ್ತಿರದ್ದು. ದಕ್ಷಿಣ ದಂಡೆಯ ಒಂದೇ ಬೀದಿಗಳಲ್ಲಿ ಎರಡು ಕಂಪನಿಗಳು ಅಕ್ಕಪಕ್ಕದ ಮನೆಗಳಿಗೆ ನೀರು ಕೊಡುತ್ತಿದ್ದವು. ಲ್ಯಾಂಬೆತ್ ಕಂಪನಿ ೧೮೫೨ರಲ್ಲಿ ತನ್ನ ನೀರೆತ್ತುವ ಸ್ಥಳವನ್ನು ಊರಿನಿಂದ ಮೇಲಕ್ಕೆ, ಶುಚಿಯಾದ ಹೊಳೆಗೆ ಬದಲಾಯಿಸಿತ್ತು. ಇನ್ನೊಂದು ಕಂಪನಿ ಹಳೆಯ ಕೊಳೆಯಲ್ಲೇ ಉಳಿದಿತ್ತು. ೧೮೫೪ರ ಪಿಡುಗಿನ ಮೊದಲ ಏಳು ವಾರಗಳಲ್ಲಿ, ಹತ್ತು ಸಾವಿರ ಮನೆಗಳಿಗೆ ಲೆಕ್ಕ ಹಾಕಿದರೆ, ಮೊದಲನೆಯ ಕಂಪನಿಯ ಮನೆಗಳಲ್ಲಿ ೩೭ ಸಾವು, ಎರಡನೆಯದರಲ್ಲಿ ೩೧೫. ಅಂಕಿಗಳೇ ಮಾತಾಡಿದವು, ಆದರೂ ಕೇಳಿದವರು ಕೆಲವರೇ.

೧೮೫೫ರ ಜುಲೈನಲ್ಲಿ ವಿಜ್ಞಾನಿ ಮೈಕೇಲ್ ಫ್ಯಾರಡೆ ನದಿಯ ಮೇಲೆ ಪಯಣಿಸುತ್ತ ಬಿಳಿಯ ಕಾಗದದ ಚೂರುಗಳನ್ನು ನೀರಿಗೆ ಹಾಕಿ ನೋಡಿದ. ಒಂದು ಅಂಗುಲ ಮುಳುಗುವುದರೊಳಗೆ ಅವು ಕಾಣದಾದವು. ಈ ಸಂಗತಿಯನ್ನು ಅವನು ‘ಟೈಮ್ಸ್’ ಪತ್ರಿಕೆಗೆ ಬರೆದ. ಸರಕಾರ ಕದಲಲಿಲ್ಲ. ೧೮೫೮ರ ಬೇಸಗೆ ಅತಿ ಬಿಸಿಯಾಗಿತ್ತು. ನೀರು ಇಳಿಯಿತು, ದಂಡೆಯ ಹೂಳು ಹೊರಬಿತ್ತು, ನಾತ ಎದ್ದಿತು. ನದಿಯ ಅಂಚಿಗೇ ಕಟ್ಟಿದ್ದ ಪಾರ್ಲಿಮೆಂಟು ಭವನದ ಕಿಟಕಿಗಳಿಗೆ ಸುಣ್ಣದ ಕ್ಲೋರೈಡಿನಲ್ಲಿ ಅದ್ದಿದ ಪರದೆಗಳನ್ನು ಇಳಿಬಿಟ್ಟರು. ಉಪಯೋಗವಾಗಲಿಲ್ಲ. ಹಣಕಾಸು ಮಂತ್ರಿ ಡಿಸ್ರೇಲಿ ಜುಲೈ ೧೫ರಂದು ಮಸೂದೆ ತಂದ; ಆಗಸ್ಟ್ ೨ರಂದು ಅದು ಕಾಯಿದೆಯಾಯಿತು. ಸಾವಿರಾರು ಬಡವರ ಸಾವು ಹತ್ತಾರು ವರ್ಷಗಳಲ್ಲಿ ಮಾಡಿಸಲಾಗದ್ದನ್ನು ಶಾಸಕರ ಮೂಗು ಹದಿನೆಂಟು ದಿನಗಳಲ್ಲಿ ಮಾಡಿಸಿತು. ಚರಿತ್ರೆಯನ್ನು ಓದುವವರು ನಗಬೇಕೋ ಅಳಬೇಕೋ ತಿಳಿಯದ ಘಳಿಗೆಗಳಲ್ಲಿ ಇದೂ ಒಂದು.

ಕೆಲಸ ಜೋಸೆಫ್ ಬ್ಯಾಜಲ್ಜೆಟ್ ಎಂಬ ಎಂಜಿನಿಯರನ ಪಾಲಿಗೆ ಬಂತು. ಅವನ ಯೋಜನೆ ಕೇಳಲು ಸರಳ. ನದಿಗೆ ಸಮಾನಾಂತರವಾಗಿ ನೆಲದಡಿಯಲ್ಲಿ ದೊಡ್ಡ ಒಳಚರಂಡಿಗಳನ್ನು ಕಟ್ಟಬೇಕು. ಥೇಮ್ಸಿಗೆ ಇಳಿಯುವ ಪ್ರತಿಯೊಂದು ಚರಂಡಿಯನ್ನೂ ಅವು ಅಡ್ಡಗಟ್ಟಿ ಹಿಡಿಯಬೇಕು. ಕೊಳಚೆಯನ್ನೆಲ್ಲ ಪೂರ್ವಕ್ಕೆ, ಊರಿನಿಂದ ಹತ್ತು ಮೈಲಿಗೂ ಹೆಚ್ಚು ಕೆಳಗೆ ಒಯ್ದು, ಇಳಿತದ ಹೊತ್ತಿನಲ್ಲಿ ನದಿಗೆ ಬಿಡಬೇಕು. ಇಂಥ ಮುಖ್ಯ ಒಳಚರಂಡಿಗಳ ಉದ್ದ ೮೨ ಮೈಲಿ. ಬಳಸಿದ ಇಟ್ಟಿಗೆ ೩೧ ಕೋಟಿ ೮೦ ಲಕ್ಷ. ಉತ್ತರದ ಕೆಳಮಟ್ಟದ ಚರಂಡಿ ನದಿಯ ಮಗ್ಗುಲಲ್ಲೇ ಹೋಗಬೇಕಾಗಿತ್ತು. ಸ್ಟ್ರ್ಯಾಂಡ್ ಬೀದಿಯನ್ನು ಅಗೆದರೆ ಊರಿನ ವ್ಯಾಪಾರವೇ ನಿಲ್ಲುತ್ತದೆ. ಹಾಗಾಗಿ ನದಿಯ ಪಾತ್ರದಲ್ಲಿಯೇ ಗೋಡೆ ಎಬ್ಬಿಸಿ, ಗೋಡೆಗೂ ಹಳೆಯ ದಡಕ್ಕೂ ನಡುವಣ ಕೆಸರನ್ನು ತುಂಬಿ, ಆ ಹೊಸ ನೆಲದೊಳಗೆ ಚರಂಡಿಯನ್ನು ಇಟ್ಟರು. ೧೮೭೦ರ ಜುಲೈ ೧೩ರಂದು ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಎಂಬ ಈ ದಂಡೆಯ ಉದ್ಘಾಟನೆಯಾಯಿತು. ಅದರ ಹೊಟ್ಟೆಯಲ್ಲಿ ಒಳಚರಂಡಿ, ನೀರು ಮತ್ತು ಅನಿಲದ ಕೊಳವೆಗಳ ಸುರಂಗ, ನೆಲದಡಿಯ ರೈಲು. ಬೆನ್ನಿನ ಮೇಲೆ ರಸ್ತೆ, ಮರ, ಹೂವು. ನಾವು ಇಷ್ಟು ಹೊತ್ತು ಮೆಚ್ಚುತ್ತ ನಡೆದುಬಂದ ಹಾದಿ ಒಂದು ಚರಂಡಿಯ ಮೇಲ್ಛಾವಣಿ.

ದುರ್ಗಂಧವೇ ರೋಗವೆಂಬ ತಪ್ಪು ತಿಳಿವಳಿಕೆಯಿಂದ ಹೊರಟ ಕೆಲಸ ಸರಿಯಾದ ಫಲವನ್ನು ಕೊಟ್ಟಿತು. ನಾತವನ್ನು ಅಟ್ಟಲು ಹೋಗಿ ಅವರು ಕಾಲರಾವನ್ನು ಅಟ್ಟಿದರು. ೧೮೬೬ರಲ್ಲಿ ಕಾಲರಾ ಕೊನೆಯ ಸಲ ಬಂದಾಗ ಸತ್ತ ಸುಮಾರು ೫,೬೦೦ ಜನರು ಬಹುಮಟ್ಟಿಗೆ ಊರಿನ ಪೂರ್ವಭಾಗದ ಬಡವರು; ಹೊಸ ಒಳಚರಂಡಿಯ ಜೋಡಣೆ ಮುಗಿಯದೆ ಉಳಿದಿದ್ದುದು ಅವರ ಕೇರಿಗಳಲ್ಲಿಯೇ.

ಈಗ ಮತ್ತೆ ನಡೆಯೋಣ. ಯಾರ್ಕ್ ನೀರ್ಬಾಗಿಲಿನ ಪಶ್ಚಿಮಕ್ಕೆ ಚೇರಿಂಗ್ ಕ್ರಾಸ್ ರೈಲುನಿಲ್ದಾಣ. ಅದು ಬರುವ ಮೊದಲು ಅಲ್ಲಿ ಹಂಗರ್‌ಫರ್ಡ್ ಸಂತೆಯೂ ಸೋಪಾನವೂ ಇದ್ದವು. ೧೮೨೪ರಲ್ಲಿ, ತಂದೆ ಸಾಲಗಾರರ ಸೆರೆಮನೆಯಲ್ಲಿದ್ದಾಗ, ಹನ್ನೆರಡು ವರ್ಷದ ಹುಡುಗನೊಬ್ಬ ಆ ಸೋಪಾನದ ಬಳಿ ಇಲಿಗಳು ತುಂಬಿದ ಮುರುಕು ಕಟ್ಟಡದಲ್ಲಿ ಬೂಟುಮಸಿಯ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ಅವನೇ ಚಾರ್ಲ್ಸ್ ಡಿಕನ್ಸ್. ಅವನ ಕೊನೆಯ ಪೂರ್ಣ ಕಾದಂಬರಿ ‘ಅವರ್ ಮ್ಯೂಚುಯಲ್ ಫ್ರೆಂಡ್’ ಥೇಮ್ಸಿನ ಮೇಲೆ ಹೆಣಗಳನ್ನು ಅರಸುವ ದೋಣಿಯೊಂದರಿಂದ ಆರಂಭವಾಗುತ್ತದೆ. ಅದು ಕಂತುಕಂತಾಗಿ ಪ್ರಕಟವಾದದ್ದು ೧೮೬೪–೬೫ರಲ್ಲಿ, ಈ ಗೋಡೆಯ ಕೆಲಸ ತೊಡಗಿದ ಕಾಲದಲ್ಲಿ. ಬ್ಯಾಜಲ್ಜೆಟ್ ಮುಚ್ಚಿಹಾಕಿದ ಕೆಸರುದಡ ಆ ಕಾದಂಬರಿಯಲ್ಲಿ ಉಳಿದುಕೊಂಡಿದೆ.

ಬ್ಯಾಜಲ್ಜೆಟ್‌ನ ಸ್ಮಾರಕವೂ ಇಲ್ಲಿಯೇ ಗೋಡೆಗೆ ಅಂಟಿಕೊಂಡಿದೆ. ಆತ ನದಿಗೆ ಸಂಕೋಲೆ ತೊಡಿಸಿದವನು ಎಂಬ ಅರ್ಥದ ಲ್ಯಾಟಿನ್ ಬರಹ ಅದರ ಮೇಲಿದೆ. ಹೊಗಳಿಕೆಯೇನೋ ಹೌದು, ಆದರೆ ಸಂಕೋಲೆಯೆಂಬ ಮಾತು ಸ್ವಲ್ಪ ಯೋಚನೆಗೆ ಹಚ್ಚುತ್ತದೆ. ಇಕ್ಕಟ್ಟಾದ ನದಿ ರಭಸವಾಯಿತು. ೧೯೨೮ರ ಜನವರಿ ೭ರ ರಾತ್ರಿ ಉಬ್ಬರ ಉಕ್ಕಿ ಮಿಲ್‌ಬ್ಯಾಂಕಿನ ಬಳಿ ಗೋಡೆ ಒಡೆದಾಗ, ನೆಲಮಾಳಿಗೆಗಳಲ್ಲಿ ಮಲಗಿದ್ದವರಿಗೆ ನೀರು ನುಗ್ಗಿ ೧೪ ಜನ ಸತ್ತರು. ೧೯೮೪ರಲ್ಲಿ ಊರಿನ ಕೆಳಗಡೆ ಥೇಮ್ಸ್‌ಗೆ ಚಲಿಸುವ ಬಾಗಿಲುಗಳ ದೊಡ್ಡ ತಡೆ ಉದ್ಘಾಟನೆಯಾಯಿತು. ಒಂದು ಸಂಕೋಲೆ ತೊಡಿಸಿದವರು ಇನ್ನೊಂದನ್ನು ತೊಡಿಸಬೇಕಾಗುತ್ತದೆ.

ಹೊಸದಾಗಿ ಹುಟ್ಟಿದ ನೆಲ ಯಾರದು? ಈ ಜಗಳ ಆಗಲೇ ಎದ್ದಿತು. ನದಿಯ ಪಾತ್ರದ ಮೇಲೆ ರಾಜಪ್ರಭುತ್ವಕ್ಕೆ ಹಕ್ಕಿದೆ, ಆದುದರಿಂದ ನೆಲದ ಒಂದು ಭಾಗದಲ್ಲಿ ಸರಕಾರಿ ಕಚೇರಿಗಳನ್ನು ಕಟ್ಟೋಣವೆಂದು ಪ್ರಧಾನಿ ಗ್ಲ್ಯಾಡ್‌ಸ್ಟನ್ನನ ಸರಕಾರ ಹೇಳಿತು. ವೆಸ್ಟ್‌ಮಿನ್‌ಸ್ಟರಿನ ಪ್ರತಿನಿಧಿ ಡಬ್ಲ್ಯು. ಎಚ್. ಸ್ಮಿತ್ ಎದ್ದುನಿಂತ. ರೈಲುನಿಲ್ದಾಣಗಳಲ್ಲಿ ಪುಸ್ತಕದ ಮಳಿಗೆಗಳನ್ನಿಟ್ಟು ಹೆಸರಾದ ಸ್ಮಿತ್ ಮನೆತನದವನೇ ಆತ. ಈ ದಂಡೆಗೆ ಹಣ ಬಂದದ್ದು ಲಂಡನ್ನಿಗೆ ಬರುವ ಕಲ್ಲಿದ್ದಲು ಮತ್ತು ದ್ರಾಕ್ಷಾರಸದ ಮೇಲಿನ ಸುಂಕದಿಂದ. ಚಳಿಗೆ ಒಲೆ ಹಚ್ಚಿದ ಪ್ರತಿಯೊಬ್ಬನೂ ಇದಕ್ಕೆ ಕಾಸು ತೆತ್ತಿದ್ದಾನೆ. ಹಾಗಿರುವಾಗ ನೆಲ ಜನರದು, ಅಲ್ಲಿ ತೋಟವಾಗಬೇಕು ಎಂಬುದು ಪ್ರತಿಭಟಿಸಿದವರ ವಾದ. ೧೮೭೦ರಲ್ಲಿ ಕಾಮನ್ಸ್ ಸಭೆ ಸರಕಾರದ ವಿರುದ್ಧ ಸ್ಮಿತ್‌ನ ಪರವಾಗಿ ಮತ ಹಾಕಿತು. ಆ ದಶಕದಲ್ಲಿ ಉದ್ಯಾನಗಳು ಒಂದೊಂದಾಗಿ ತೆರೆದವು. ನದಿಯ ಮೇಲ್ಗಡೆ ವಾಕ್ಸ್‌ಹಾಲಿನಲ್ಲಿ ಹಣ ತೆತ್ತು ಒಳಹೋಗುವ ವಿಲಾಸದ ತೋಟಗಳು ಸುಮಾರು ಎರಡು ಶತಮಾನ ಮೆರೆದು ೧೮೫೯ರಲ್ಲಿ ಮುಚ್ಚಿದ್ದವು. ಕೆಲವೇ ವರ್ಷಗಳ ಅಂತರದಲ್ಲಿ ಚೀಟಿಯಿಲ್ಲದ ತೋಟ ಬಂದಿತು. ಡ್ಯೂಕನ ನೀರ್ಬಾಗಿಲ ಮುಂದೆ ಗುಮಾಸ್ತನೊಬ್ಬ ಬುತ್ತಿ ಬಿಚ್ಚಿ ಕೂರುವಂತಾದದ್ದು ಸಣ್ಣ ಬದಲಾವಣೆಯಲ್ಲ.

ದಂಡೆಯ ಮೇಲೆ ಅಲಂಕಾರಗಳೂ ಬಂದವು. ಈಜಿಪ್ಟಿನಿಂದ ತಂದ, ಮೂರು ಸಾವಿರ ವರ್ಷಕ್ಕೂ ಹಳೆಯದಾದ ಶಿಲಾಸ್ತಂಭವೊಂದನ್ನು ೧೮೭೮ರ ಸೆಪ್ಟೆಂಬರಿನಲ್ಲಿ ಇಲ್ಲಿ ನಿಲ್ಲಿಸಿದರು. ‘ಕ್ಲಿಯೋಪಾತ್ರಳ ಸೂಜಿ’ ಎಂದು ಅದಕ್ಕೆ ಹೆಸರು, ಕ್ಲಿಯೋಪಾತ್ರಳಿಗಿಂತ ಸಾವಿರ ವರ್ಷಕ್ಕೂ ಹಿಂದಿನದಾದರೂ. ಅದನ್ನು ಹೊತ್ತ ನೌಕೆ ಬಿಸ್ಕೇ ಕೊಲ್ಲಿಯ ಬಿರುಗಾಳಿಗೆ ಸಿಕ್ಕಾಗ ಆರು ಮಂದಿ ನಾವಿಕರು ಪ್ರಾಣ ತೆತ್ತರು. ಅವರ ಹೆಸರುಗಳು ಪೀಠದ ಮೇಲಿವೆ. ಪಕ್ಕದ ಕುಳಿತುಕೊಳ್ಳುವ ಬೆಂಚುಗಳ ತೋಳುಗಳಲ್ಲಿ ಒಂಟೆಗಳೂ ಸಿಂಹನಾರಿಯರೂ ಇದ್ದಾರೆ. ಅದೇ ಸೆಪ್ಟೆಂಬರ್ ೩ರಂದು, ಊರಿನ ಕೆಳಗಡೆ, ‘ಪ್ರಿನ್ಸೆಸ್ ಆಲಿಸ್’ ಎಂಬ ವಿಹಾರನೌಕೆ ಡಿಕ್ಕಿ ಹೊಡೆಸಿಕೊಂಡು ಮುಳುಗಿ ೬೦೦ಕ್ಕೂ ಹೆಚ್ಚು ಜನ ಸತ್ತರು. ಅವರು ಬಿದ್ದದ್ದು ಬ್ಯಾಜಲ್ಜೆಟ್‌ನ ಚರಂಡಿಗಳು ಕೊಳಚೆಯನ್ನು ಆಗತಾನೇ ಹೊರಬಿಟ್ಟಿದ್ದ ನೀರಿಗೆ. ಊರು ತನ್ನ ಹೊಲಸನ್ನು ಕಳೆದುಕೊಂಡಿರಲಿಲ್ಲ, ಕಣ್ಣಿಗೆ ದೂರ ಇಟ್ಟಿತ್ತು. ಇಲ್ಲಿ ಸ್ತಂಭ ನಿಲ್ಲಿಸುವ ಸಂಭ್ರಮ, ಅಲ್ಲಿ ಹೆಣಗಳ ಸಾಲು, ತಿಂಗಳೊಂದೇ, ನದಿಯೊಂದೇ. ಅಲ್ಲಿಂದ ಮುಂದೆ ಕೊಳಚೆಯ ಗಸಿಯನ್ನು ಬೇರ್ಪಡಿಸಿ ೧೮೮೭ರಿಂದ ಹಡಗುಗಳಲ್ಲಿ ಸಮುದ್ರಕ್ಕೆ ಸುರಿಯತೊಡಗಿದರು. ಅದು ನಿಂತದ್ದು ೧೯೯೮ರಲ್ಲಿ.

ವೆಸ್ಟ್‌ಮಿನ್‌ಸ್ಟರ್ ಸೇತುವೆ ಬಂದಿತು. ಬಿ.ಎ. ತರಗತಿಯಲ್ಲಿ ಇಂಗ್ಲಿಷ್ ಓದಿದವರಿಗೆ ಈ ಹೆಸರು ಕೇಳಿದೊಡನೆ ವರ್ಡ್ಸ್‌ವರ್ತ್‌ನ ೧೮೦೨ರ ಸಾನೆಟ್ಟು ನೆನಪಾಗದಿರದು. ಅವನು ಕಂಡ ಬೆಳಗಿನ ಲಂಡನ್ ಗೋಡೆಯಿಲ್ಲದ ನದಿಯದು; ಅವನು ನಿಂತ ಸೇತುವೆಯೂ ಇದಲ್ಲ, ಇದರ ಹಿಂದಿನದು. ಸೇತುವೆ ದಾಟಿ ಬಲಕ್ಕೆ ಹೊರಳಿದರೆ ಪಾರ್ಲಿಮೆಂಟಿಗೆ ಎದುರಾಗಿ ಸೇಂಟ್ ಥಾಮಸ್ ಆಸ್ಪತ್ರೆ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ಈ ದಕ್ಷಿಣ ದಂಡೆ ೧೮೬೯ರಲ್ಲಿ ಮುಗಿದು, ೧೮೭೧ರಲ್ಲಿ ಆಸ್ಪತ್ರೆ ಇಲ್ಲಿ ತೆರೆಯಿತು. ಅದರ ಹೊರಗೋಡೆಯ ಮೇಲೆ ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೆ ಕೆಂಪು ಹೃದಯಗಳ ಚಿತ್ರಗಳಿವೆ. ಕೋವಿಡ್ ರೋಗದಿಂದ ತಮ್ಮವರನ್ನು ಕಳೆದುಕೊಂಡವರು ೨೦೨೧ರ ಮಾರ್ಚಿನಲ್ಲಿ ಇದನ್ನು ಆರಂಭಿಸಿದರು. ಸತ್ತ ಒಬ್ಬೊಬ್ಬರಿಗೆ ಒಂದೊಂದು ಹೃದಯ. ಎರಡು ಲಕ್ಷಕ್ಕೂ ಮಿಕ್ಕಿವೆ. ಕಾಲರಾದಲ್ಲಿ ಸತ್ತವರಿಗೆ ಇಂಥ ಗೋಡೆಯಿರಲಿಲ್ಲ. ಶಾಸಕರ ಕಣ್ಣೆದುರಿಗೇ ಈ ಗೋಡೆಯನ್ನು ಆರಿಸಿಕೊಂಡವರಿಗೆ ೧೮೫೮ರ ಕಥೆ ತಿಳಿದಿತ್ತೋ ಇಲ್ಲವೋ, ಅದರ ಪಾಠವಂತೂ ಗೊತ್ತಿತ್ತು.

ಮುಂದೆ ಲ್ಯಾಂಬೆತ್ ಅರಮನೆ. ಸುಮಾರು ಎಂಟುನೂರು ವರ್ಷಗಳಿಂದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ನಿವಾಸ. ಅದರ ಹಿಂದಣ ನೆಲದ ಒಂದು ಭಾಗ ೧೯೦೧ರಲ್ಲಿ ಸಾರ್ವಜನಿಕ ಉದ್ಯಾನವಾಯಿತು. ಹಳೆಯ ಲ್ಯಾಂಬೆತ್ ಆದರೂ ಬಿಷಪ್ಪರದು ಮಾತ್ರವಾಗಿರಲಿಲ್ಲ. ಅದು ದೋಣಿ ಕಟ್ಟುವವರ, ಅಂಬಿಗರ, ಕುಂಬಾರರ ಕೇರಿ. ಇಲ್ಲಿನ ಡೌಲ್ಟನ್ ಕುಂಬಾರಿಕೆಯವರು ೧೮೪೬ರಿಂದ ಚರಂಡಿಯ ಕೊಳವೆಗಳನ್ನು ಮಾಡಿ ಬೆಳೆದರು. ಊರನ್ನು ಶುಚಿಗೊಳಿಸಿದ ಕೊಳವೆಗಳು ಈ ದಡದ ಒಲೆಗಳಲ್ಲಿ ಬೆಂದವು. ದಂಡೆ ಬಂದಾಗ ದೋಣಿ ಕಟ್ಟುವ ಅಂಗಳಗಳೂ ಸಣ್ಣ ಧಕ್ಕೆಗಳೂ ಎದ್ದುಹೋದವು. ಕುಂಬಾರರಿಗೆ ನೀರಿನ ದಾರಿ ಬೇಕೆಂದು ಗೋಡೆಯಲ್ಲಿ ಅಲ್ಲಲ್ಲಿ ಸಂದು ಬಿಟ್ಟಿದ್ದರು. ಅವುಗಳಲ್ಲಿ ವೈಟ್ ಹಾರ್ಟ್ ಡಾಕ್ ಎಂಬುದು ಈಗಲೂ ಉಳಿದಿದೆ. ಡೌಲ್ಟನ್ನರ ಲ್ಯಾಂಬೆತ್ ಒಲೆಗಳು ೧೯೫೬ರಲ್ಲಿ ಆರಿದವು. ವಿಹಾರಕ್ಕೆ ಬರುವವನಿಗೆ ದಂಡೆ ದೊರೆತಾಗ ದುಡಿಯುವವನಿಗೆ ಅದು ತಪ್ಪಿಹೋಯಿತು. ಸಾರ್ವಜನಿಕ ಎಂಬ ಮಾತನ್ನು ಆಡುವಾಗ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಲ್ಯಾಂಬೆತ್ ಸೇತುವೆಯ ಸಮೀಪದ ಉದ್ಯಾನದಲ್ಲಿ ಕನ್ನಡಿಗನ ಕಾಲು ತಾನಾಗಿ ನಿಲ್ಲುತ್ತದೆ. ಅಲ್ಲಿ ಬಸವಣ್ಣನವರ ಎದೆಮಟ್ಟದ ಪ್ರತಿಮೆಯಿದೆ. ಲ್ಯಾಂಬೆತ್ತಿನ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲರ ಪ್ರಯತ್ನದಿಂದ ಬಂದ ಈ ಪ್ರತಿಮೆಯನ್ನು ೨೦೧೫ರ ನವೆಂಬರ್ ೧೪ರಂದು ಭಾರತದ ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಪಾರ್ಲಿಮೆಂಟಿನ ನೆರೆಯಲ್ಲಿ ಅನುಭವ ಮಂಟಪದ ನೆನಪು ಎಂದು ಇದನ್ನು ಕೊಂಡಾಡುವುದುಂಟು. ನನಗಾದರೂ ಇದರ ಔಚಿತ್ಯ ಬೇರೆಡೆ ಕಾಣುತ್ತದೆ. ಬಸವಣ್ಣನವರ ಒಡನಾಡಿಗಳಲ್ಲಿ ಅಂಬಿಗರ ಚೌಡಯ್ಯನಿದ್ದ, ಕುಂಬಾರ ಗುಂಡಯ್ಯನಿದ್ದ. ಅಂಬಿಗರೂ ಕುಂಬಾರರೂ ಬಿಟ್ಟುಹೋದ ದಡದಲ್ಲಿ, ಅವರ ಕಾಯಕವನ್ನು ಕೈಲಾಸವೆಂದು ಗೌರವಿಸಿದವರ ಪ್ರತಿಮೆ ಬಂದು ನಿಂತಿದೆ. ಸ್ಥಾವರ–ಜಂಗಮಗಳ ಅಂತರವನ್ನು ನಮಗೆ ಕಲಿಸಿದವರನ್ನು ಸ್ಥಾವರವಾಗಿ ಕೂರಿಸಿ, ಎದುರಿಗೆ ಹರಿಯುವ ನೀರನ್ನು ನೋಡುವ ಸೌಭಾಗ್ಯವನ್ನಾದರೂ ಲಂಡನ್ ಒದಗಿಸಿಕೊಟ್ಟಿದೆ. ಅವರು ಐಕ್ಯರಾದ ಕೂಡಲಸಂಗಮದಲ್ಲಿಯೂ, ಅಣೆಕಟ್ಟಿನ ಹಿನ್ನೀರು ಏರಿದ ಮೇಲೆ, ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ ನೀರನ್ನು ತಡೆಯಬೇಕಾಯಿತು. ನದಿಗೂ ಗೋಡೆಗೂ ನಡುವಣ ಈ ವ್ಯವಹಾರ ಎಲ್ಲೆಡೆಯದು.

ಥೇಮ್ಸಿನ ಕಥೆ ಮುಗಿದಿಲ್ಲ. ೧೯೫೭ರಲ್ಲಿ ವಿಜ್ಞಾನಿಗಳು ನಗರದೊಳಗಿನ ಥೇಮ್ಸ್ ಸತ್ತಿದೆಯೆಂದು ಸಾರಿದರು. ಶುದ್ಧೀಕರಣ ಸುಧಾರಿಸಿದ ಮೇಲೆ ೧೯೭೪ರಲ್ಲಿ ಸಾಲ್ಮನ್ ಮೀನು ಮತ್ತೆ ಕಾಣಿಸಿತು. ಆದರೂ ಜೋರು ಮಳೆ ಬಂದಾಗಲೆಲ್ಲ ಹಳೆಯ ಒಳಚರಂಡಿಗಳು ತುಂಬಿ ಕೊಳಚೆ ನದಿಗೇ ಬೀಳುತ್ತಿತ್ತು. ಬ್ಯಾಜಲ್ಜೆಟ್ ಲೆಕ್ಕ ಹಾಕಿದ್ದ ನಗರಕ್ಕಿಂತ ಇಂದಿನ ಲಂಡನ್ ಎರಡು ಪಾಲು ದೊಡ್ಡದು. ಅದಕ್ಕಾಗಿ ನದಿಯ ಅಡಿಯಲ್ಲಿ ೨೫ ಕಿಲೋಮೀಟರ್ ಉದ್ದದ, ೭.೨ ಮೀಟರ್ ಅಗಲದ ಹೊಸ ಸುರಂಗವನ್ನು ಕೊರೆದರು. ೨೦೨೫ರ ಫೆಬ್ರವರಿಯಲ್ಲಿ ಅದರ ಕೊನೆಯ ಜೋಡಣೆ ಮುಗಿಯಿತು. ನಾವು ಹೊರಟ ಬ್ಲ್ಯಾಕ್‌ಫ್ರಯರ್ಸ್‌ನಲ್ಲಿ, ಹೂತುಹೋದ ಫ್ಲೀಟಿನ ಕೊಳಚೆಯನ್ನು ಹಿಡಿದು ಆ ಸುರಂಗಕ್ಕೆ ಇಳಿಸುವ ಕಟ್ಟಡದ ಮೇಲೆ ಹೊಸದೊಂದು ಅಂಗಳ ಮಾಡಿ ಅದಕ್ಕೆ ಬ್ಯಾಜಲ್ಜೆಟ್‌ನ ಹೆಸರಿಟ್ಟಿದ್ದಾರೆ. ನೂರೈವತ್ತು ವರ್ಷಗಳ ಮೇಲೆ ಮತ್ತೆ ಅದೇ ಕ್ರಮ: ಕೆಳಗೆ ಚರಂಡಿ, ಮೇಲೆ ತೋಟ.

ನದಿಯ ದಂಡೆಯ ಮೇಲೆ ಕಲ್ಲುಹಾಸು, ದೀಪ, ಹೂಗಿಡಗಳನ್ನು ಇಟ್ಟು ವಿಹಾರಧಾಮ ಮಾಡಬೇಕೆಂಬ ಆಸೆ ಇಂದು ನಮ್ಮ ಊರುಗಳಲ್ಲಿಯೂ ಹುಟ್ಟಿದೆ. ಒಳ್ಳೆಯ ಆಸೆಯೇ. ಆದರೆ ಲಂಡನ್ನಿನಲ್ಲಿ ತೋಟ ಕೊನೆಗೆ ಬಂದಿತು, ಚರಂಡಿ ಮೊದಲು ಬಂದಿತು. ಆ ತೋಟ ಜನರದಾಗಲು ಶಾಸನಸಭೆಯಲ್ಲಿ ಜಗಳವಾಡಬೇಕಾಯಿತು. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಹೂವಿನ ಪಕ್ಕದಲ್ಲಿ ಮೂಗು ಮುಚ್ಚಿಕೊಂಡು ನಡೆಯಬೇಕಾಗುತ್ತದೆ. ಬೆಂಗಳೂರಿನ ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿತೆಂದು ಹೇಳುವ, ಬಸವನ ಹೆಸರನ್ನೇ ಹೊತ್ತ ವೃಷಭಾವತಿ ಇಂದು ಹೊತ್ತು ಹರಿಯುತ್ತಿರುವುದು ಊರಿನ ಕೊಳಚೆಯನ್ನು. ಥೇಮ್ಸಿನ ದಡದ ಬಸವಣ್ಣನವರಿಗೆ ಹಾರ ಹಾಕಲು ಹೋಗುವವರು ಬಹಳ ಮಂದಿ ಇದ್ದಾರೆ. ವೃಷಭಾವತಿಯ ದಡದಲ್ಲಿ ಬುತ್ತಿ ಬಿಚ್ಚಿ ಕೂರಬಲ್ಲವರು ಎಂದು ಬರುತ್ತಾರೋ, ಆ ದಿನ ನಮ್ಮ ನಗರವೂ ತನ್ನ ದಡವನ್ನು ಕಂಡುಕೊಂಡಿತೆಂದು ತಿಳಿಯಬಹುದು.